ಹೆಸರು ಕರೆಯದ ಅಡುಗೆ

ಸತ್ತವರಿಗೆ ಬಡಿಸುವ ಅಡುಗೆಯಲ್ಲಿ ಬದುಕಿರುವವರ ಹೆಸರು ಕರೆಯಬಾರದು. ನಮ್ಮ ಮನೆಯಲ್ಲಿ ಇದು ನನ್ನ ಅತ್ತೆಯ ಕಾಲಕ್ಕಿಂತಲೂ ಹಿಂದಿನಿಂದ ಬಂದ ಕಟ್ಟಳೆ. ಪರ್ಬ ಎಂದರೆ ನಮಗೆ ದೀಪಾವಳಿ. ಆ ದಿನ ಒಲೆ ಹೊತ್ತಿಸಿದಲ್ಲಿಂದ ಬಡಿಸಿ ಮುಗಿಯುವ ತನಕ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಯಾರಾದರೂ ಬೇಕಾದರೆ ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿಯುವುದು. ಟಣ್ ಟಣ್, ಸ್ವಲ್ಪ ತಡೆದು ಇನ್ನೊಂದು ಟಣ್. ಇಲ್ಲಿ ಬಾ ಎಂದು ಅದರ ಅರ್ಥ, ಬೇರೆ ಅರ್ಥ ಅದಕ್ಕಿಲ್ಲ. ಬಂದವರಿಗೆ ಏನು ಬೇಕೆಂದು ಕಣ್ಣಿನಲ್ಲೇ ತಿಳಿಸಿದರಾಯಿತು. ತಪ್ಪಿ ಯಾರ ಬಾಯಿಂದಲಾದರೂ ನಿಮ್ಮ ಹೆಸರು ಬಂದರೆ, ಓ ಎನ್ನಬಾರದು. ಕೇಳದ ಹಾಗೆ ಇದ್ದುಬಿಡಬೇಕು.

ಅಡುಗೆಯ ರುಚಿ ನೋಡುವಂತಿಲ್ಲ. ಕೋಳಿ ಗಸಿಗೆ, ನಮ್ಮ ಕಡೆಯ ಕಾಯಿ ಸಾರಿಗೆ, ಉಪ್ಪು ಕೈಯ ಅಂದಾಜಿನದ್ದು. ಎಲೆ ಹಾಕಿ, ಬಡಿಸಿ, ತೆಂಗಿನ ಗೆರಟೆಯ ಕೆಂಡಕ್ಕೆ ಧೂಪ ಹಾಕಿ ಎಲೆಗಳ ನಡುವೆ ಇಟ್ಟ ಮೇಲೆ, ಮನೆಯ ಹಿರಿಯರು ತೀರಿಹೋದವರ ಹೆಸರು ಒಂದೊಂದಾಗಿ ಹೇಳಿ ತುಳುವಿನಲ್ಲಿ ಕರೆಯುತ್ತಾರೆ. "ಬಲೆ, ಕುಲ್ಲುಲೆ, ವನಸ್ ಮಲ್ಪುಲೆ." ಬನ್ನಿ, ಕೂತುಕೊಳ್ಳಿ, ಊಟ ಮಾಡಿ. ಕರೆದಾದ ಮೇಲೆ ನಾವೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಜೀವವಿರುವ ಒಂದು ಬೆಕ್ಕೂ ಒಳಗೆ ಉಳಿಯಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆರೆಯುವುದು.

ಕೆನಡಾದ ಎಟೋಬಿಕೋದ ನಮ್ಮ ಹಳೆಯ ಮನೆಯಲ್ಲಿ ಇದಕ್ಕೆ ಇನ್ನೊಂದು ಶಾಸ್ತ್ರ ಸೇರಿಕೊಂಡಿದೆ. ಕೆಂಡ ಒಳಗೆ ತರುವ ಮೊದಲು ನನ್ನ ಮಗಳು ಹೇಮಶ್ರೀ ಸ್ಟೂಲು ಹತ್ತಿ, ಸೂರಿನಲ್ಲಿರುವ ಹೊಗೆಯ ಅಲಾರ್ಮಿಗೆ ಸ್ನಾನದ ಪ್ಲಾಸ್ಟಿಕ್ ಟೊಪ್ಪಿ ಕಟ್ಟುತ್ತಾಳೆ. ಇಲ್ಲದಿದ್ದರೆ ಅದು ಕೂಗುವ ಕೂಗಿಗೆ ಬಂದ ಹಿರಿಯರು ಎಲೆ ಬಿಟ್ಟು ಓಡಿಯಾರು. ಈ ಟೊಪ್ಪಿ ಇಲ್ಲಿ ನಮ್ಮವರೆಲ್ಲರ ಮನೆಯಲ್ಲೂ ಉಂಟು. ಒಗ್ಗರಣೆ ಹಾಕುವವರು ಮತ್ತೇನು ಮಾಡಬೇಕು.

ಹೋದ ಪರ್ಬಕ್ಕೆ ನಮ್ಮ ಮನೆಗೆ ಶೆಫ್ ಪ್ರಖ್ಯಾತ್ ಬಂದ. ಟೀವಿಯಲ್ಲಿ ಅಡುಗೆ ಸ್ಪರ್ಧೆಗೆ ತೀರ್ಪು ಹೇಳುತ್ತಾನಲ್ಲ, ಅವನೇ. ಅವನ ತಾಯಿತಂದೆ ಉಡುಪಿ ಕಡೆಯವರು. ಹುಡುಗ ಬೆಳೆದದ್ದು ಬ್ರಾಂಪ್ಟನ್‌ನಲ್ಲಿ. ಅವನ ಹೋಟೆಲುಗಳಿಗೆ 'ತಡ್ಪೆ' ಎಂದು ಹೆಸರು. ತುಳುವಿನಲ್ಲಿ ತಡ್ಪೆ ಎಂದರೆ ಗೆರಸೆ, ಅಕ್ಕಿ ಕೇರುವ ಮೊರ. ಟೊರಾಂಟೊದಲ್ಲಿ ಒಂದು, ವ್ಯಾಂಕೂವರಿನಲ್ಲಿ ಒಂದು, ದುಬೈಯಲ್ಲಿ ಒಂದು. ಈಗ ಸಿಮ್ಕೋ ಸರೋವರದ ಮರ್ಲೋ ದ್ವೀಪದಲ್ಲಿ ಇನ್ನೊಂದು ತೆರೆಯುತ್ತಿದ್ದ. ದುಡ್ಡಿದ್ದವರು ರಜೆಗೆ ಹೋಗಿ ಉಳಿಯುವ ದ್ವೀಪ ಅದು. ನನ್ನ ಮೊಮ್ಮಗಳು, ಹೇಮಶ್ರೀಯ ಮಗಳು ಅಶ್ವಿತಾ, ಟೊರಾಂಟೊದ ತಡ್ಪೆಯಲ್ಲಿ ಈರುಳ್ಳಿ ಹೆಚ್ಚುವಲ್ಲಿಂದ ಶುರುಮಾಡಿ ಎರಡನೆಯ ಶೆಫ್ ಆಗುವ ತನಕ ದುಡಿದಿದ್ದಳು. ದ್ವೀಪದ ಅಡುಗೆಮನೆ ತನ್ನ ಕೈಗೆ ಬರಬೇಕೆಂದು ಅವಳಿಗೆ ಆಸೆ. ಅವನನ್ನು ಕರೆದುಕೊಂಡು ಬಂದವಳೂ ಅವಳೇ.

"ಅಜ್ಜಿ, ನಿಮ್ಮ ಗಸಿಯ ವಿಷಯ ಹೇಳಿ ಹೇಳಿ ಇವಳು ನನ್ನ ತಲೆ ತಿಂದಿದ್ದಾಳೆ," ಎಂದ ಪ್ರಖ್ಯಾತ್, ಶೂ ಬಿಚ್ಚುತ್ತಾ.

"ತಲೆ ಉಳಿದಿದ್ರೆ ಒಳಗೆ ಬಾ. ತೆಂಗಿನಕಾಯಿ ತುರಿಲಿಕ್ಕೆ ಗೊತ್ತುಂಟಾ?"

ಗೊತ್ತಿತ್ತು. ನೆಲದ ಮೇಲೆ ಕೂತು ಚೆನ್ನಾಗಿಯೇ ತುರಿದ. ಪಾತ್ರೆ ತೊಳೆದುಕೊಟ್ಟ. ದೊಡ್ಡಸ್ತಿಕೆ ಇಲ್ಲದ ಹುಡುಗ ಎಂದು ನನಗೆ ಕಂಡಿತು. ಗಸಿ ಕುದಿಯುವಾಗ ಮಾತ್ರ ಅವನ ಕೈ ತಾನಾಗಿ ಜೇಬಿಗೆ ಹೋಗಿ ಒಂದು ಸಣ್ಣ ಚಮಚ ತೆಗೆಯಿತು. ನಾನು ಸೌಟಿನ ಹಿಂಬದಿಯಿಂದ ಮೆಲ್ಲಗೆ ಅವನ ಬೆರಳಿಗೆ ಒಂದು ಕೊಟ್ಟೆ.

"ಇವತ್ತು ನೋಡ್ಲಿಕ್ಕಿಲ್ಲ."

"ಶೆಫ್‌ನ ಕೈಗೆ ಹೊಡೆದವರು ನೀವೇ ಫಸ್ಟ್ ಅಜ್ಜಿ." ನಕ್ಕ. ಮತ್ತೆ ಚಮಚ ತೆಗೆಯಲಿಲ್ಲ.

ನಮ್ಮ ದೇಶದ ಅಂಗಡಿಗಳಿರುವ ಜೆರಾರ್ಡ್ ಬಜಾರಿನಿಂದ ತಂದ ಬಾಳೆ ಎಲೆಗಳನ್ನು ಊಟದ ಕೋಣೆಯಲ್ಲಿ ಹಾಸಿ ಬಡಿಸಿದೆವು. ಹಿತ್ತಲಿನ ಬಾರ್ಬೆಕ್ಯೂನಲ್ಲಿ ಹೊತ್ತಿಸಿದ ಗೆರಟೆಯ ಕೆಂಡವನ್ನು ಒಂದು ಚಾ ಬಟ್ಟಲಿನಷ್ಟು ತಂದು ಧೂಪ ಹಾಕಿದೆ. ನನ್ನ ಅಮ್ಮನನ್ನು ಕರೆದೆ, ಅತ್ತೆಯನ್ನು ಕರೆದೆ, ನನ್ನವರನ್ನು, ಅವರು ಬದುಕಿದ್ದಾಗ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ದೇರಣ್ಣ ಎಂಬ ಹೆಸರನ್ನು ಹೇಳಿ, ಕರೆದೆ. ಹೊರಗೆ ಬಂದು ಬಾಗಿಲು ಎಳೆದೆವು.

ಕೋಣೆಯ ಹೊರಗೆ ಸಾಲಾಗಿ ನಿಂತಿದ್ದಾಗ ಪ್ರಖ್ಯಾತ್ ಪಿಸುಗುಟ್ಟಿದ. "ಒಳಗೆ ಈಗ ಹೇಗಿರ್ಬಹುದು?"

"ಸತ್ತ ಮೇಲೆ ನೋಡು."

ಹೇಮಶ್ರೀ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವನು ನಗಲಿಲ್ಲ. "ಅಷ್ಟು ವರ್ಷ ಯಾರು ಕಾಯ್ತಾರೆ ಅಜ್ಜಿ," ಎಂದ, ಬಾಗಿಲನ್ನೇ ನೋಡುತ್ತಾ.

ಕೆಮ್ಮಿ ಬಾಗಿಲು ತೆರೆದಾಗ ಎಲ್ಲರಿಗಿಂತ ಮೊದಲು ಒಳಗೆ ಹೋದವನು ಅವನೇ. ಕಪಾಟಿನ ಮೇಲೆ, ಗಡಿಯಾರಕ್ಕೆ ಒರಗಿಸಿ ಇಟ್ಟಿದ್ದ ತನ್ನ ಫೋನನ್ನು ತೆಗೆದುಕೊಂಡ. ಅದರಲ್ಲಿ ಒಂದು ಕೆಂಪು ಚುಕ್ಕೆ ಹೊತ್ತಿತ್ತು.

"ಸಾರಿ ಅಜ್ಜಿ, ಒಳಗೇ ಮರೆತುಬಿಟ್ಟೆ."

ಇರಲಿ ಎಂದೆ. ಫೋನಿಗೆ ಜೀವ ಇಲ್ಲವಲ್ಲ.

ದ್ವೀಪದ ಅಡುಗೆಮನೆ ಅಶ್ವಿತಾಳಿಗೆ ಸಿಕ್ಕಿತು. ಚಳಿ ಬಟ್ಟೆ ತೆಗೆದುಕೊಂಡು ಹೋಗಲು ಬಂದವಳು ಹಾಸಿಗೆಯ ಮೇಲೆಲ್ಲ ಸ್ವೆಟರು ಹರಡಿಕೊಂಡು ಕೂತಿದ್ದಳು.

"ಮೆನುವಿನ ಕೆಳಗೆ ನನ್ನ ಹೆಸರು ಪ್ರಿಂಟ್ ಮಾಡ್ತಾರೆ ಅಜ್ಜಿ. ಪ್ರಖ್ಯಾತ್‌ನ ಹೆಸರಿನ ಸೈಜ್ ಅಲ್ಲ, ಆದ್ರೂ. ಇಟ್ಸ್ ದೇರ್."

"ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಬರುದು ಹೇಗೆ?"

"ಐಸ್ ಆಗುವ ತನಕ ಬೋಟ್. ಗಟ್ಟಿ ಐಸ್ ಆದ ಮೇಲೆ ಅದರ ಮೇಲೆ ಗಾಡಿ."

"ಎರಡರ ನಡುವೆ?"

"ನಡುವೆ ಬೋಟೂ ಇಲ್ಲ, ಗಾಡಿಯೂ ಇಲ್ಲ. ಅಲ್ಲೇ ಇರುದು." ಒಂದು ಸ್ವೆಟರನ್ನು ಮೂಗಿಗೆ ಹಿಡಿದು ಮೂಸಿದಳು. "ಗೆಸ್ಟ್‌ಗಳಿಗೆ ಅದೇ ಗಮ್ಮತ್ತಂತೆ. ಯಾರಿಗೂ ಸಿಗದ ಜಾಗ."

ನನಗೆ ಗಮ್ಮತ್ತು ಕಾಣಲಿಲ್ಲ. ಸ್ವೆಟರುಗಳನ್ನು ಮಡಚಿಕೊಟ್ಟೆ.

ಓಪನಿಂಗಿನ ಹಿಂದಿನ ದಿನ ನಾನು ಬಂದು ಅಡುಗೆಮನೆಯಲ್ಲಿ ದೀಪ ಹಚ್ಚಬೇಕೆಂದು ಪ್ರಖ್ಯಾತ್ ಹೇಳಿಕಳುಹಿಸಿದ. ಹೇಮಶ್ರೀ ರಾತ್ರಿ ಶಿಫ್ಟು ಮುಗಿಸಿ ಬಂದವಳು ಹಾಗೆಯೇ ಕಾರು ಹತ್ತಿ, ನನ್ನನ್ನು ಸರೋವರದ ದಂಡೆಯವರೆಗೆ ತಂದು ಬಿಟ್ಟಳು. "ನೀವು ಹೋಗಿ ಬನ್ನಿ ಅಮ್ಮ, ನಾನು ಕಾರಲ್ಲೇ ಒಂದು ನಿದ್ದೆ ಮಾಡ್ತೇನೆ," ಎಂದು ಸೀಟು ಹಿಂದಕ್ಕೆ ಒರಗಿಸಿದಳು.

ಬೋಟಿನಲ್ಲಿ ನನಗೆ ಜೊತೆಯಾಗಿ ಲೋಕೇಶ ಎಂಬವನಿದ್ದ. ಮದ್ದೂರಿನವನು, ನಲವತ್ತು ದಾಟಿದವನು, ದ್ವೀಪದ ತಡ್ಪೆಯಲ್ಲಿ ಕರೆಂಟು, ನಲ್ಲಿ, ಹೀಟರು ನೋಡಿಕೊಳ್ಳುವವನು. ಬೋಟಿನ ಮುಂದೆ ತೆಳುವಾದ ಐಸು ಹಪ್ಪಳದ ಹಾಗೆ ಮುರಿಯುತ್ತಿತ್ತು. ದಿನಾ ಬೋಟು ಓಡುವ ಗೆರೆಯಲ್ಲಿ ಮಾತ್ರ ನೀರು ಕಪ್ಪಗೆ ಕಾಣುತ್ತಿತ್ತು.

"ಹಾಲ್ ಮೇಲಿನ್ ಕೆನೆ ಇದ್ದಂಗೈತೆ ನೋಡಿ ಅಜ್ಜಿ," ಎಂದ ಲೋಕೇಶ. "ಕೈ ಇಟ್ರೆ ಮಾತ್ರ ಕೈ ವಾಪಸ್ ಬರಾಕಿಲ್ಲ."

"ನೀನು ಹೀಗೆ ಹೇಳಿಯೇ ಎಲ್ಲರನ್ನೂ ಕರ್ಕೊಂಡು ಹೋಗುದಾ?"

"ನಿಮ್ಗೆ ಮಾತ್ರ. ಬೇರೆಯೋರ್ಗೆ ವೆಲ್ಕಮ್ಮು ಅಂತೀನಿ."

ದೀಪ ಹಚ್ಚಿಯಾದ ಮೇಲೆ ಪ್ರಖ್ಯಾತ್ ನನ್ನ ತೋಳು ಹಿಡಿದು ಕಟ್ಟಡದ ಹಿಂದಿನ ಒಂದು ಕೋಣೆಗೆ ಕರೆದುಕೊಂಡು ಹೋದ. ಮರದ ದಿಮ್ಮಿಯ ಗೋಡೆ, ಒಂದು ಕಿಟಕಿಯೂ ಇಲ್ಲ. ಬಾಗಿಲಿನ ಸುತ್ತ ದಪ್ಪ ಕಂಬಳಿ ಬಟ್ಟೆ ಹೊಡೆದಿದ್ದರು, ಹೊರಗಿನ ಸದ್ದು ಒಳಗೆ ಬರಬಾರದೆಂದು. ನೆಲದ ಮೇಲೆ ಹನ್ನೆರಡು ಮಣೆ, ಹನ್ನೆರಡು ಬಾಳೆ ಎಲೆ. ನಡುವೆ ಮಣ್ಣಿನ ದೊಡ್ಡ ಬಾಣಲೆ, ಅದರ ತುಂಬ ಗೆರಟೆಯ ಕೆಂಡ. ನನ್ನ ಚಾ ಬಟ್ಟಲಿನ ಕೆಂಡವನ್ನು ಇಲ್ಲಿ ಒಂದು ಮದುವೆಯ ಅಡುಗೆಯಷ್ಟು ಮಾಡಿದ್ದರು.

"ಈಗ ಕೇಳಿ," ಎಂದು ಅವನು ಗೋಡೆಯ ಒಂದು ಗುಂಡಿ ಒತ್ತಿದ.

"ಬಲೆ, ಕುಲ್ಲುಲೆ, ವನಸ್ ಮಲ್ಪುಲೆ."

ಸೂರಿನಿಂದ ನನ್ನ ಸ್ವರ ಬಂತು. ನನ್ನದೇ. ಕೊನೆಯಲ್ಲಿ ಸ್ವಲ್ಪ ಒಡೆಯುವ ಸ್ವರ. ಆಮೇಲೆ ಹೆಸರುಗಳು ಬಂದವು. ಶ್ರೀಕಾಂತ್. ಮೀರಾ. ಜೆನಿಫರ್. ನನ್ನ ಅಮ್ಮನನ್ನು ಕರೆದ ಹಾಗೆಯೇ ಆ ಸ್ವರ ಇವರನ್ನು ಕರೆಯಿತು. ಜೆನಿಫರ್ ಎಂಬ ಹೆಸರು ನನ್ನ ಬಾಯಲ್ಲಿ ಈವರೆಗೆ ಬಂದದ್ದೇ ಇಲ್ಲ.

"ಇದು ನಾನಲ್ಲ."

"ನೀವೇ ಅಜ್ಜಿ. ಅವತ್ತು ನಿಮ್ಮ ಮನೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಆಯ್ತಲ್ಲ? ಅದನ್ನು ಕಂಪ್ಯೂಟರಿಗೆ ಕೊಟ್ರೆ ಸಾಕು. ಇನ್ನು ಯಾವ ಹೆಸರು ಬೇಕಾದ್ರೂ ನಿಮ್ಮ ಸ್ವರದಲ್ಲಿ ಹೇಳ್ತದೆ."

"ಇವರೆಲ್ಲ ಯಾರು?"

"ನನ್ನ ಪಾರ್ಟ್‌ನರ್‌ಗಳು. ಇವತ್ತು ಸಂಜೆ ಕೊನೆಯ ಟ್ರಯಲ್, ಅವರಿಗೆ. ನಾಳೆಯಿಂದ ಗೆಸ್ಟ್‌ಗಳು. ಹೊರಗೆ ದಾರಿಯಲ್ಲಿ ಕಾಯ್ತಾ ಇರ್ತಾರೆ. ನೀವು ಹೆಸರು ಕರೀತೀರಿ. ಅವರು ಮೈಕಿನಲ್ಲಿ ಓ ಹೇಳಿ ಒಬ್ಬೊಬ್ಬರೇ ಒಳಗೆ ಬರ್ತಾರೆ. ಬಾಗಿಲು ಹಾಕ್ತೇವೆ."

"ಬದುಕಿದ್ದವರನ್ನಾ?"

"ಸತ್ತವರು ರಿಸರ್ವೇಶನ್ ಮಾಡುದಿಲ್ಲ ಅಜ್ಜಿ." ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿದ. ಎದುರಿನ ಮಣೆಯ ಮೇಲೆ ಕೂತ. "ನಿಮಗೆ ಸಿಟ್ಟು ಬಂದಿದೆ. ನೋಡಿ, ನನಗೆ ಗೊತ್ತಿಲ್ಲದೆ ಮಾಡುದಲ್ಲ ಇದು. ಸಣ್ಣದಿರುವಾಗ ನಮ್ಮ ಮನೆಯಲ್ಲೂ ಮಾಡ್ತಿದ್ರು. ನಾನು ಯಾವಾಗಲೂ ಹೊರಗೆ. ಬಾಗಿಲಿನ ಸಂದಿಗೆ ಕಣ್ಣಿಟ್ಟದ್ದಕ್ಕೆ ಅಪ್ಪನಿಂದ ಪೆಟ್ಟು ತಿಂದಿದ್ದೇನೆ. ಒಳಗೆ ಕೂತವರು ಯಾರೂ ಇಲ್ಲ ಅಜ್ಜಿ. ಇಡೀ ಪ್ರಪಂಚದಲ್ಲಿ ಯಾರೂ ಕೂತು ಊಟ ಮಾಡದ ಜಾಗ ಅದೊಂದೇ."

"ಕೂತವರು ಇದ್ದಾರೆ. ಎದ್ದು ಬಂದು ಹೇಳಿದವರು ಇಲ್ಲ."

ಅವನು ಅದನ್ನು ಮೆಚ್ಚಿದವನ ಹಾಗೆ ತಲೆಯಾಡಿಸಿದ. "ಇದನ್ನು ಮೆನುವಿನಲ್ಲಿ ಹಾಕ್ಬಹುದು," ಎಂದ.

ಅವನ ತಲೆಯ ಮೇಲೆ, ಸೂರಿನಲ್ಲಿ, ಒಂದು ದುಂಡಗಿನ ಗುರುತು ಕಂಡಿತು. ನಡುವೆ ಎರಡು ವಯರು ಇಣುಕುತ್ತಿದ್ದವು.

"ಅಲ್ಲಿದ್ದ ಅಲಾರ್ಮು ಎಲ್ಲಿ?"

"ಧೂಪಕ್ಕೆ ಕೂಗ್ತದೆ ಅಂತ ತೆಗೆಸಿದೆ. ನಿಮ್ಮ ಮನೆಯಲ್ಲೂ ಟೊಪ್ಪಿ ಕಟ್ಟಿದ್ರಲ್ಲ?"

ಕಟ್ಟಿದ್ದೆವು. ಅವನ ಕಣ್ಣೆದುರೇ ಕಟ್ಟಿದ್ದೆವು. ಆದರೆ ಕಟ್ಟಿದ ಮೇಲೆ ನಾವು ಯಾರೂ ಆ ಕೋಣೆಯಲ್ಲಿ ಉಳಿದಿರಲಿಲ್ಲ. ಅದನ್ನು ಹೇಳುವ ಮೊದಲೇ ಯಾರೋ ಶೆಫ್ ಎಂದು ಕರೆದರು. ಅವನು ನನ್ನ ಭುಜ ತಟ್ಟಿ ಎದ್ದು ಹೋದ.

ಬಾಗಿಲಿನ ಹೊರಗೆ ಲೋಕೇಶ ನಿಂತಿದ್ದ, ಹೆಗಲಿಗೆ ಸಾಮಾನಿನ ಚೀಲ.

"ನಾನೇ ಕಿತ್ತಿದ್ದು ಅಜ್ಜಿ," ಎಂದ ತಗ್ಗಿದ ದನಿಯಲ್ಲಿ. "ಅದು ಬರೀ ಹೊಗೆದಲ್ಲ. ಕೆಂಡದಿಂದ ಒಂದ್ ಗಾಳಿ ಬತ್ತದಲ್ಲ, ವಾಸ್ನೆ ಇಲ್ಲ, ಬಣ್ಣ ಇಲ್ಲ, ಜಾಸ್ತಿ ಆದ್ರೆ ಜೀವಾನೇ ತಗೀತದೆ, ಅದುಕ್ಕೂ ಕೂಗತ್ತೆ. ಮೊನ್ನೆ ಸ್ಟಾಫ್ನೇ ಕೂರ್ಸಿ ಟ್ರಯಲ್ ಮಾಡ್ದಾಗ ಹೊಡ್ಕೊಂಡು ಹೊಡ್ಕೊಂಡು ಸುಸ್ತಾಯ್ತು. ಇಬ್ರುಗೆ ತಲೆನೋವು, ಒಬ್ರುಗೆ ವಾಂತಿ. ಗಸಿ ಖಾರ ಜಾಸ್ತಿ ಆಯ್ತು ಅಂದ್ಬುಟ್ರು."

"ನೀನು ಹೇಳ್ಲಿಲ್ವಾ?"

"ಹೇಳ್ದೆ. ಗಾಳಿ ಹೊರಕ್ಕೆ ಎಳ್ಯೋ ಫ್ಯಾನು ಕೂರ್ಸಣ, ಓಪನಿಂಗ್ ಆಗ್ಲಿ ಅಂದ್ರು. ನನ್ ಮಾತು ಯಾರ್ ಕೇಳ್ತಾರೆ. ನಲ್ಲಿ ಸೋರಿದ್ರೆ ಕೇಳ್ತಾರೆ."

"ಅದನ್ನು ವಾಪಸ್ ಹಾಕು ಮಗಾ."

"ಶೆಫ್ಫು ಆಕಡೆ ಹೋಗ್ಲಿ, ಹಾಕ್ತೀನಿ ಬುಡಿ."

ಅಡುಗೆಮನೆಯಲ್ಲಿ ಹತ್ತಾರು ಮಂದಿ ಓಡಾಡುತ್ತಿದ್ದರು. ಎಲ್ಲರ ಬಾಯಲ್ಲೂ ಎಲ್ಲರ ಹೆಸರು. ಅಶ್ವಿತಾ ಎಂದು ಒಬ್ಬ, ಯೆಸ್ ಶೆಫ್ ಎಂದು ಅವಳು, ಮತ್ತೆ ಅವಳು ಇನ್ನೊಬ್ಬನ ಹೆಸರು. ಪ್ರತಿ ಪಾತ್ರೆಗೂ ಚಮಚ ಅದ್ದಿ ನೆಕ್ಕುತ್ತಿದ್ದರು. ನಾನು ಹತ್ತಿರದ ಒಂದು ಸೌಟು ತೆಗೆದುಕೊಂಡು ಪಾತ್ರೆಯ ಅಂಚಿಗೆ ಬಡಿದೆ. ಟಣ್ ಟಣ್. ಟಣ್.

ಆ ಗದ್ದಲದಲ್ಲಿ ಬೇರೆ ಯಾರೂ ತಿರುಗಲಿಲ್ಲ. ಅಶ್ವಿತಾಳ ಕೈಯ ಚಾಕು ನಿಂತಿತು. ಲಂಗ ಹಾಕುವ ಕಾಲದಲ್ಲಿ ಹೇಗೆ ಬರುತ್ತಿದ್ದಳೋ ಹಾಗೆಯೇ ಮಾತಿಲ್ಲದೆ ಬಂದು ನನ್ನೆದುರು ನಿಂತಳು. ಅವಳನ್ನು ಕೋಲ್ಡ್ ರೂಮಿನ ಮೂಲೆಗೆ ಕರೆದುಕೊಂಡು ಹೋದೆ.

"ನನ್ನ ಜೊತೆ ಮನೆಗೆ ಬಾ."

"ಅಜ್ಜಿ, ಪ್ಲೀಸ್, ಡೋಂಟ್ ಸ್ಟಾರ್ಟ್."

"ಆ ಕೋಣೆಯಲ್ಲಿ ಗಾಳಿ ಇಲ್ಲ."

"ಗೊತ್ತುಂಟು. ಮೊನ್ನೆ ವಾಂತಿ ಮಾಡಿದ್ದು ನಾನೇ." ಆ ಕಡೆ ಈ ಕಡೆ ನೋಡಿದಳು. "ಬಾಗಿಲು ಸ್ವಲ್ಪ ತೆರೆದಿಡುವ ಅಂತ ಹೇಳಿದೆ. ಹಾಗೆ ಮಾಡಿದ್ರೆ ಎಫೆಕ್ಟ್ ಹೋಗ್ತದಂತೆ. ಫ್ಯಾನ್ ಬರ್ತದೆ. ಬಂದೇ ಬರ್ತದೆ. ಈಗ ನಾನು ಬಿಟ್ಟು ಬಂದ್ರೆ ನಾಳೆ ನನ್ನ ಜಾಗದಲ್ಲಿ ಬೇರೆಯವರು ನಿಲ್ತಾರೆ. ನನ್ನ ಹೆಸರು ಅಳಿಸ್ಲಿಕ್ಕೆ ಎಷ್ಟು ಹೊತ್ತು?"

"ನೀನು ಇನ್ನು ಅದರ ಒಳಗೆ ಕೂರ್ಬಾರ್ದು."

"ನಾನು ಯಾಕೆ ಕೂರ್ತೇನೆ? ಅಡುಗೆಮನೆಯಲ್ಲಿ ಇರುವವಳು."

"ನಿನ್ನ ಹೆಸರು ಕರೆದ್ರೆ?"

"ಕರೆಯುದಿಲ್ಲ."

"ಕರೆದ್ರೆ ಓ ಹೇಳ್ಬೇಡ. ನನ್ನ ಸ್ವರದಲ್ಲಿ ಕರೆದ್ರೂ ಹೇಳ್ಬೇಡ. ಅದು ನಾನಲ್ಲ."

ಅವಳ ಕೈ ಈರುಳ್ಳಿಯ ನೀರಿನಲ್ಲಿ ತಣ್ಣಗಾಗಿತ್ತು. ಆ ಕೈಯನ್ನು ನನ್ನ ಅಂಗೈಯ ಮೇಲೆ ಇಟ್ಟಳು. "ಪ್ರಾಮಿಸ್ ಅಜ್ಜಿ. ಈಗ ಹೊರಡಿ. ಈ ಬೋಟ್ ತಪ್ಪಿದ್ರೆ ಇವತ್ತು ಬೇರೆ ಇಲ್ಲ. ಅಮ್ಮ ಕಾಯ್ತಾ ಇದ್ದಾರೆ."

ನಾನು ಹೊರಟೆ. ಮಾತು ಕೊಟ್ಟರೆ ತಪ್ಪುವ ಮಗು ಅಲ್ಲ ಅವಳು. ಅಲಾರ್ಮನ್ನು ಲೋಕೇಶ ಹಾಕಿದ್ದಾನೆ ಎಂಬ ಧೈರ್ಯವೂ ಇತ್ತು.

ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಎಂಬುದು ಇಲ್ಲ. ಬೆಳಕು ಇದ್ದದ್ದು ಹೋಗುತ್ತದೆ, ಅಷ್ಟೇ. ಬೋಟು ಹೊರಟು ದ್ವೀಪದ ದಂಡೆಯಿಂದ ಇನ್ನೂ ದೂರವಾಗಿರಲಿಲ್ಲ. ದ್ವೀಪದಲ್ಲಿ ದಾರಿಯುದ್ದಕ್ಕೂ ಪಂಜು ಹಚ್ಚಿದ್ದರು. ಆ ಕೋಣೆಯ ಬಾಗಿಲು ನೀರಿನ ಕಡೆಗೇ ಮುಖ ಮಾಡಿತ್ತು. ತೆರೆದ ಬಾಗಿಲಿನ ಬೆಳಕು ಒಂದು ಹಳದಿ ಪಟ್ಟಿಯ ಹಾಗೆ ಐಸಿನ ಮೇಲೆ ಬಿದ್ದಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ.

ಆ ದಿನದ ಕೆಲಸ ಮುಗಿಸಿ ನನ್ನ ಜೊತೆಗೇ ಮರಳುತ್ತಿದ್ದ ಲೋಕೇಶ ನನಗೆ ಚಾ ಕೊಡಲು ಚೀಲದಿಂದ ಫ್ಲಾಸ್ಕು ತೆಗೆದ. ಫ್ಲಾಸ್ಕಿನ ಕೆಳಗೆ, ಸ್ಪ್ಯಾನರುಗಳ ನಡುವೆ, ಬೆಳ್ಳಗೆ ದುಂಡಗಿನದ್ದು ಒಂದು ಇತ್ತು. ಸಣ್ಣ ಪಾತ್ರೆಯ ಮುಚ್ಚಳದಷ್ಟು ದೊಡ್ಡದು.

"ಹಾಕ್ಲಿಲ್ವಾ?"

ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದ. "ಶೆಫ್ಫು ಅಲ್ಲಿಂದ ಅಲ್ಲಾಡ್ಲೇ ಇಲ್ಲ ಅಜ್ಜಿ. ನಾಳೆ ಬೆಳಗ್ಗೆ ಮೊದ್ಲು ಅದೇ ಕೆಲ್ಸ." ಅಷ್ಟರಲ್ಲಿ ಅವನ ಫೋನು ಗುರ್ ಎಂದಿತು. ಓದಿದ. "ಒಬ್ರು ಪಾರ್ಟ್ನರ್ ಬರ್ಲಿಲ್ವಂತೆ. ಹೈವೇಲಿ ಸ್ನೋ, ಕಾರ್ ಸಿಕ್ಕಾಕೊಂಡೈತೆ. ಇವತ್ತು ಬರಾಕಿಲ್ಲ ಅಂತ ಹಾಕವ್ರೆ."

"ಅವರ ಎಲೆ?"

"ಖಾಲಿ ಬುಡಾಕಿಲ್ಲ. ಫೋಟೋ ತೆಗೀತಾರಲ್ಲ. ಸ್ಟಾಫಲ್ಲಿ ಯಾರ್ನಾರ ಕೂರಿಸ್ತಾರೆ."

ಚಾ ನನ್ನ ಕೈಯಲ್ಲೇ ಉಳಿಯಿತು. "ಬೋಟು ತಿರುಗಿಸ್ಲಿಕ್ಕೆ ಹೇಳು."

ಅವನು ಬೋಟಿನವನ ಹತ್ತಿರ ಓಡಿದ. ಬೋಟಿನವನು ಎರಡೂ ಕೈ ಅಗಲಿಸಿ ಐಸನ್ನು ತೋರಿಸಿದ. ಈ ಗೆರೆಯಲ್ಲಿ ತಿರುಗಲು ಜಾಗ ಇಲ್ಲ, ಮುಂದೆ ತೆರೆದ ನೀರು ಸಿಕ್ಕಿದ ಮೇಲೆ ತಿರುಗಿಸುತ್ತೇನೆ ಎಂದ. ಲೋಕೇಶ ಅಶ್ವಿತಾಳಿಗೆ ಫೋನು ಮಾಡಿದ, ಪ್ರಖ್ಯಾತನಿಗೆ ಮಾಡಿದ. ಟ್ರಯಲಿನ ಹೊತ್ತಿಗೆ ಎಲ್ಲರ ಫೋನೂ ಒಂದು ಬುಟ್ಟಿಗೆ ಹಾಕಿಸುತ್ತಾರೆ. ಆ ಬುಟ್ಟಿಯಲ್ಲಿ ಅವು ಹೊಡೆದುಕೊಂಡಿರಬೇಕು. ತುರ್ತು ನಂಬರಿಗೂ ಮಾಡಿದ. ಹೊರಡುತ್ತೇವೆ ಎಂದರು. ದ್ವೀಪಕ್ಕೆ ಬೋಟು ಯಾವುದುಂಟು ಎಂದು ಕೇಳಿದರು. ನಾವು ಕೂತದ್ದೇ ಆ ಬೋಟು.

ಆಗ ನೀರಿನ ಮೇಲಿಂದ ನನ್ನ ಸ್ವರ ಬಂತು.

"ಬಲೆ, ಕುಲ್ಲುಲೆ, ವನಸ್ ಮಲ್ಪುಲೆ."

ದಾರಿಯ ಎರಡೂ ಬದಿಗೆ ಸ್ಪೀಕರು ಇಟ್ಟಿದ್ದರು. ನನ್ನ ಸ್ವರ ಅಷ್ಟು ದೊಡ್ಡದಾಗಿ ನಾನೇ ಕೇಳಿರಲಿಲ್ಲ. ಶ್ರೀಕಾಂತ್, ಎಂದಿತು. ಓ, ಎಂದು ಮೈಕಿನಲ್ಲಿ ಒಬ್ಬ ಹೇಳಿ ನಕ್ಕ. ಬಾಗಿಲಿನ ಬೆಳಕಿನಲ್ಲಿ ಒಂದು ನೆರಳು ಒಳಗೆ ಹೋಯಿತು. ಮೀರಾ, ಎಂದಿತು. ಓ. ಇನ್ನೊಂದು ನೆರಳು. ಜೆನಿಫರ್. ಓ ಎನ್ನಲು ಬಾರದೆ ಅವಳು ಬೇರೇನೋ ಅಂದಳು, ಎಲ್ಲರೂ ನಕ್ಕರು. ಒಬ್ಬೊಬ್ಬರಾಗಿ ಹೋದರು. ನಾನು ಬೋಟಿನ ಕಂಬಿ ಹಿಡಿದು ಪ್ರತಿ ಹೆಸರಿಗೂ ಉಸಿರು ಬಿಡುತ್ತಿದ್ದೆ. ಅವಳದ್ದಲ್ಲ. ಅವಳದ್ದಲ್ಲ.

"ಅಶ್ವಿತಾ."

ಹಿತ್ತಲಿನ ಸ್ನೋದಲ್ಲಿ ಆಡುತ್ತಿದ್ದವಳನ್ನು, ಸಾಕ್ಸು ಒದ್ದೆ ಆದೀತು ಒಳಗೆ ಬಾ ಎಂದು ನಾನು ಕರೆಯುತ್ತಿದ್ದ ಅದೇ ಎಳೆತ. ಅದನ್ನು ಆ ಕಂಪ್ಯೂಟರು ಎಲ್ಲಿಂದ ಕಲಿಯಿತೋ.

ಮೈಕಿನಲ್ಲಿ ಅವಳ ಸ್ವರ ಬಂತು.

"ಓ, ಅಜ್ಜಿ."

ಯೆಸ್ ಶೆಫ್ ಎನ್ನಲಿಲ್ಲ ಅವಳು. ಯೋಚನೆ ಮಾಡಿ ಹೇಳಿದ್ದೂ ಅಲ್ಲ. ಹುಟ್ಟಿದಲ್ಲಿಂದ ಆ ಸ್ವರಕ್ಕೆ ಅವಳ ಬಾಯಿ ಹೇಳುತ್ತಾ ಬಂದದ್ದು ಅದನ್ನೇ.

ಬೇಡ ಎಂದು ಕೂಗಲು ನಾನು ಬಾಯಿ ತೆರೆದೆ. ಸ್ವರ ಬಂತು, ಗಂಟಲಿನಿಂದ ನಾಲ್ಕು ಮಾರು ಹೋಗಿ ಬಿತ್ತು. ಅಲ್ಲಿ ನನ್ನ ಸ್ವರ ಇಡೀ ಸರೋವರಕ್ಕೆ ಕೇಳುತ್ತಿತ್ತು, ಇಲ್ಲಿ ಪಕ್ಕದ ಲೋಕೇಶನಿಗೂ ಸರಿಯಾಗಿ ಕೇಳಲಿಲ್ಲ. ಕೇಳಿದ್ದರೂ ಎರಡು ಅಜ್ಜಿಯರಲ್ಲಿ ಯಾರ ಮಾತು ಕೇಳಬೇಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು. ಲೋಕೇಶ ಕೈ ಬಾಯಿಗೆ ಹಿಡಿದು ಕೂಗಿದ. ಸ್ಪೀಕರಿನಲ್ಲಿ ಈಗ ಡೋಲು ಶುರುವಾಗಿತ್ತು. ಅವನ ಕೂಗು ಅದರಲ್ಲಿ ಮುಳುಗಿತು.

ಬೆಳಕಿನ ಪಟ್ಟಿಯಲ್ಲಿ ಅವಳು ಕಂಡಳು. ಬಿಳಿ ಕೋಟು. ಬಾಗಿಲಿನ ಕಡೆಗೆ ನಡೆಯುತ್ತಿದ್ದಳು.

ಚೀಲಕ್ಕೆ ಕೈಹಾಕಿ ಸಿಕ್ಕಿದ ದೊಡ್ಡ ಸ್ಪ್ಯಾನರು ತೆಗೆದೆ. ಬೋಟಿನ ಕಬ್ಬಿಣದ ಕಂಬಿಗೆ ಬಡಿದೆ. ಟಣ್ ಟಣ್. ಟಣ್.

ಕಬ್ಬಿಣದ ಸದ್ದು ಡೋಲಿನ ಸದ್ದಿನಂತಲ್ಲ. ಅದು ಐಸಿನ ಮೇಲೆ ಜಾರುತ್ತಾ ಹೋಯಿತು. ಮತ್ತೆ ಬಡಿದೆ. ಟಣ್ ಟಣ್. ಟಣ್.

ನೆರಳು ಹೊಸ್ತಿಲಲ್ಲಿ ನಿಂತಿತು. ಒಳಗಿನಿಂದ ಯಾರೋ ಕೈ ಚಾಚಿ ಅವಳ ತೋಳು ಹಿಡಿದರು. ಸ್ಪ್ಯಾನರು ಹಿಡಿದ ನನ್ನ ಅಂಗೈ ಕಚ್ಚುವಷ್ಟು ತಣ್ಣಗಿತ್ತು. ಬಡಿದೆ. ಅವಳು ತೋಳು ಬಿಡಿಸಿಕೊಂಡಳು. ತಿರುಗಿದಳು. ಬೆಳಕಿನಿಂದ ಆಚೆಗೆ, ಕತ್ತಲೆಗೆ, ದಂಡೆಯ ಕಡೆಗೆ ಓಡಿದಳು.

ಅವಳ ಹಿಂದೆ ಬಾಗಿಲು ಮುಚ್ಚಿತು. ಸದ್ದು ಬರಲಿಲ್ಲ, ಆ ಕಂಬಳಿ ಬಟ್ಟೆ ಸದ್ದು ಬರಗೊಡುವುದಿಲ್ಲ. ಐಸಿನ ಮೇಲಿದ್ದ ಹಳದಿ ಪಟ್ಟಿ ಒಂದು ಗೆರೆಯಾಗಿ, ಆಮೇಲೆ ಇಲ್ಲವಾಯಿತು.

ಸ್ವಲ್ಪ ಹೊತ್ತಿಗೆ ದಂಡೆಯ ಕತ್ತಲೆಯಿಂದ ಉತ್ತರ ಬಂತು. ಬೋಟು ಕಟ್ಟುವ ಕಂಬಕ್ಕೆ ಅವಳು ಯಾವುದರಿಂದಲೋ ಬಡಿಯುತ್ತಿದ್ದಳು. ಟಣ್ ಟಣ್. ಟಣ್. ಅವಳೂ ನನ್ನನ್ನು ಕರೆಯುತ್ತಿದ್ದಳು.

"ಬದುಕ್ಕೊಂಡ್ರು ಬುಡಿ ಅಜ್ಜಿ," ಎಂದ ಲೋಕೇಶ. ಬೋಟು ತೆರೆದ ನೀರಿಗೆ ಬಂದು ಮೆಲ್ಲಗೆ ಮೂತಿ ತಿರುಗಿಸತೊಡಗಿತು. ಲೋಕೇಶ ಆ ಮುಚ್ಚಿದ ಬಾಗಿಲಿದ್ದ ಕಡೆ ನೋಡಿದ. "ಬಾಗ್ಲು ತಗೀರಿ ಅಂತ ನಿಮ್ ಮೊಮ್ಮಗಳ್ಗೆ ಹೇಳಿ. ಒಳಗೆ ಹನ್ನೊಂದ್ ಜನ ಅವ್ರೆ."

ಹೇಗೆ ಹೇಳಲಿ. ನಮ್ಮ ಆ ಬಡಿತಕ್ಕೆ ಇರುವುದು ಒಂದೇ ಅರ್ಥ. ಇಲ್ಲಿ ಬಾ. ಬಾಗಿಲು ತೆರೆ ಎಂಬುದನ್ನು ನಮ್ಮಲ್ಲಿ ಯಾರೂ ಸೌಟಿನಿಂದ ಹೇಳಬೇಕಾಗಿ ಬಂದದ್ದೇ ಇಲ್ಲ.

"ಹಂಗಾರೆ ಬಡಿಯೋದು ನಿಲ್ಸಿ ಅಜ್ಜಿ. ನಿಲ್ಸಿದ್ರೆ ಅವ್ರೇ ವಾಪಸ್ ಹೋಯ್ತಾರೆ. ಹೋಗಿ ತಗೀತಾರೆ."

ಅವನು ಹೇಳಿದ್ದು ನನಗೆ ಅರ್ಥವಾಯಿತು. ನಿಲ್ಲಿಸಿದರೆ ಅವಳು ಹಿಂದೆ ಹೋಗುತ್ತಾಳೆ. ಹೋಗಿ ಬಾಗಿಲು ತೆರೆಯಬಹುದು. ತೆರೆದ ಬಾಗಿಲಿನಿಂದ ಮತ್ತೆ ಒಂದು ಕೈ ಅವಳ ತೋಳು ಹಿಡಿಯಬಹುದು, ಖಾಲಿ ಎಲೆ ಇನ್ನೂ ಅಲ್ಲೇ ಉಂಟು. ಬಡಿಯುತ್ತಾ ಇದ್ದರೆ, ನಾನು ತಲುಪುವ ತನಕ ಅವಳು ದಂಡೆಯಲ್ಲೇ ನಿಲ್ಲುತ್ತಾಳೆ. ಕರೆದಾಗ ಬಂದು ನಿಲ್ಲಬೇಕೆಂದು ಅವಳಿಗೆ ಕಲಿಸಿದ್ದು ನಾನೇ.

ಬೋಟು ಇನ್ನೂ ಪೂರ್ತಿ ತಿರುಗಿರಲಿಲ್ಲ. ಐಸು ಅದರ ಬದಿಗೆ ಉಜ್ಜುತ್ತಿತ್ತು.

"ಅಜ್ಜಿ," ಎಂದ ಲೋಕೇಶ. ಸ್ಪ್ಯಾನರಿಗೆ ಕೈ ಚಾಚಿದ.

ಕೊಡಲಿಲ್ಲ. ಅವನಿಗೆ ಬೆನ್ನು ಮಾಡಿ ನಿಂತು ಬಡಿದೆ. ದ್ವೀಪದಿಂದ ನನ್ನ ಸ್ವರ, ತಾಳ್ಮೆಯಿಂದ, ಮತ್ತೊಮ್ಮೆ ಹೇಳಿತು. ಬನ್ನಿ, ಕೂತುಕೊಳ್ಳಿ, ಊಟ ಮಾಡಿ. ನಾನು ಬಡಿಯುತ್ತಲೇ ಇದ್ದೆ.